ನೀಲವ್ವ ಎಂಬ ಹೆಸರು

ಎರಡು ವರ್ಷಗಳ ಹಿಂದಿನ ಮಾತು. ಇಂಡಿಯಲ್ಲಿರುವ ನನ್ನಾಕೆಯ ತವರುಮನೆಯಲ್ಲಿ ನಮಗೆ ಹೆಣ್ಣುಮಗು ಹುಟ್ಟಿತು. ಸಿಂದಗಿಯ ಕಾಲೇಜಿನಲ್ಲಿ ಪಾಠ ಮುಗಿಸಿ ಧಾವಿಸಿದೆ. “ಕೂಸು ಲಕ್ಷಣ ಐತಿ, ಬಣ್ಣ ತುಸು ಕಡಿಮಿ” ಎಂದು ಬಂದ ಹೆಂಗಸರು ಪಿಸುಗುಟ್ಟಿದ್ದು ಬಾಣಂತಿಯ ಕಿವಿಗೂ ಬಿದ್ದಿತ್ತು. ಆಕೆಯ ಕಣ್ಣು ತುಂಬಿತ್ತು. ಕನ್ನಡ ಎಂ.ಎ. ಮಾಡಿದ ನಾನು ನಿಘಂಟಿನಲ್ಲಿ ಮದ್ದು ಹುಡುಕಿದೆ. ಮಗಳಿಗೆ ‘ಶ್ವೇತಾ’ ಎಂದು ಹೆಸರಿಡೋಣವೆಂದೆ.

ಬಸವನ ಬಾಗೇವಾಡಿಯಿಂದ ಬಂದಿದ್ದ ನನ್ನ ತಾಯಿ ಅರ್ಥ ಕೇಳಿದರು. ‘ಬಿಳುಪು’ ಎಂದೆ.

“ಹೆಸರಿಲೆ ಕೂಸಿಗೆ ಸುಣ್ಣ ಹಚ್ಚತೀಯೇನೋ ತಮ್ಮಾ? ಎರಿಭೂಮಿ ಕರ್ರಗ ಐತಿ, ಬಿಳಿಜ್ವಾಳ ಕೊಡೂದಿಲ್ಲೇನು? ನೀಲವ್ವ ಅಂತ ಕರೀರಿ.”

ಬಾಣಂತಿ ಅಂದು ಮೊದಲ ಸಲ ನಕ್ಕಳು. ನಾನು ಮಾತ್ರ ತಲೆ ತಗ್ಗಿಸಿದೆ.

ಸಂಸ್ಕೃತದ ‘ನೀಲ’ ಶಬ್ದಕ್ಕೆ ಕಡುನೀಲಿ ಎಂಬಂತೆ ಕಪ್ಪು ಎಂಬ ಅರ್ಥವೂ ಉಂಟು. ವಿಷವುಂಡ ಶಿವನನ್ನು ನೀಲಕಂಠನೆನ್ನುವುದು ನಿಂದೆಯಲ್ಲ, ಸ್ತುತಿ. ಬಟ್ಟೆಗೆ ಬಣ್ಣವೀಯುವ ನೀಲಿಯ ಜೊತೆಗೆ ಈ ಶಬ್ದವೂ ದೇಶಾಂತರ ಹೋಯಿತು. ಪಾರಸಿ, ಅರಬಿಗಳನ್ನು ಹಾಯ್ದು ಪೋರ್ಚುಗೀಸರ ಬಾಯಲ್ಲಿ ‘ಅನಿಲ್’ ಆಯಿತು. ರಸಾಯನಶಾಸ್ತ್ರದ ‘ಅನಿಲಿನ್’ ಅದರ ಕುಡಿಯೇ. ಇತ್ತ ನಮ್ಮ ಹೊಸ್ತಿಲಲ್ಲಿ ಅದು ಕನ್ನಡದ ‘ಅವ್ವ’ನನ್ನು ಕೂಡಿತು. ಗ್ರಂಥದ ನೀಲಾಂಬಿಕೆ ನಮ್ಮ ಸೀಮೆಯ ನೀಲವ್ವನಾದಳು.

ಆ ನೀಲಾಂಬಿಕೆ ಹನ್ನೆರಡನೆಯ ಶತಮಾನದವಳು. ಬಸವಣ್ಣನವರ ಮಡದಿ, ‘ಸಂಗಯ್ಯ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಶರಣೆ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಆಕೆಯ ಐಕ್ಯಸ್ಥಳವಿದೆ. ಕೂಡಲಸಂಗಮದಿಂದ ಪತಿಯ ಕರೆ ಬಂದು ಹೊರಟವಳು, ಅಲ್ಲಿರುವ ಸಂಗಯ್ಯ ಇಲ್ಲಿಯೂ ಇರುವನೆಂದು ಅರಿತು ತಂಗಡಗಿಯಲ್ಲೇ ಬಯಲಾದಳೆಂದು ಪ್ರತೀತಿ. ಈ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ತಾನಿರುವಲ್ಲಿಯೇ ಪೂರ್ಣಳಾದ ಆ ಹೆಣ್ಣಿನ ಹೆಸರು ನನ್ನ ಮಗಳಿಗೆ ಒಪ್ಪೀತೆಂದು ಮಾತ್ರ ಹೊಳೆದಿರಲಿಲ್ಲ. ಶಾಲೆ ಕಾಣದ ತಾಯಿಗೆ ಹೊಳೆಯಿತು.

ತೊಟ್ಟಿಲಿಗೆ ಹಾಕಿದ ದಿನ ನನ್ನ ತಂಗಿ ಕೂಸಿನ ಕಿವಿಯಲ್ಲಿ ಆ ಹೆಸರನ್ನೇ ಉಸುರಿದಳು. “ಹಳೇ ಕಾಲದ ಹೆಸರಲ್ಲವೇ?” ಎಂದು ಈಗಲೂ ಕೆಲವರು ಕೇಳುವುದುಂಟು. ಉತ್ತರವನ್ನು ನಾನು ಹೇಳಬೇಕಾಗಿಲ್ಲ. ಮಡಿಲಲ್ಲಿ ಕುಳಿತ ಪುಟ್ಟಿ ತಾನೇ “ನೀಲವ್ವ!” ಎಂದು ಗಟ್ಟಿಯಾಗಿ ಕೂಗುತ್ತಾಳೆ. ಆಗೆಲ್ಲ ನಾನು ಇಡಹೊರಟಿದ್ದ ಹೆಸರು ನೆನಪಾಗಿ, ಒಳಗೊಳಗೇ ನಾಚುತ್ತೇನೆ.