ಕೈಬಿಡದ ಕೊಕ್ಕೆ

ಇನ್ನು 30 ಸೆಕೆಂಡು!

ಅಖಾಡದ ನಡುವೆ ಎರಡು ಅಡ್ಡಕಂಬಿ. ಕೆಳಗಿನದು ನೆಲದಿಂದ 20 ಇಂಚು ಎತ್ತರ, ಮೇಲಿನದು 36 ಇಂಚು. ಎದುರಿಗೆ ನಮ್ಮ 11 ಕಿಲೋ ತೂಕದ ರೋಬೋ. 2024–25ರ ಫಸ್ಟ್ ಟೆಕ್ ಚಾಲೆಂಜ್ ರೋಬೋ ಸ್ಪರ್ಧೆಯ ಆಟ 'ಇನ್‌ಟು ದ ಡೀಪ್'. ಕೆಳಗಿನ ಕಂಬಿ ಹಿಡಿದು ನೇತಾಡಿದರೆ 15 ಅಂಕ, ಅಲ್ಲಿಂದ ಮೇಲಿನದಕ್ಕೆ ಏರಿದರೆ 30. ಆದರೆ ಗಂಟೆ ಬಾರಿಸಿದ ಕೂಡಲೇ ಮೋಟಾರುಗಳ ಉಸಿರು ನಿಲ್ಲುತ್ತದೆ. ಆಮೇಲೂ ರೋಬೋ ಬೀಳಬಾರದು!

ಮೂರು ವಾರದ ಹಿಂದೆ ಅದು ಬಿದ್ದಿತ್ತು.

ಬೆಂಗಳೂರಿನ ಪದ್ಮನಾಭನಗರ, ದೇವೇಗೌಡ ಪೆಟ್ರೋಲ್ ಬಂಕ್‌ನಿಂದ ಕೂಗಳತೆ ದೂರದಲ್ಲಿ ನಮ್ಮ ಮನೆ. ಕಾರ್ ಶೆಡ್ಡೇ ನಮ್ಮ ಕಾರ್ಖಾನೆ. ರಾತ್ರಿ ಹನ್ನೊಂದು. ಹಗ್ಗ ಸುತ್ತುವ ಡ್ರಮ್ಮಿನ ತ್ರಿಜ್ಯ 4 ಸೆಂ.ಮೀ., ಹೊರಬೇಕಾದದ್ದು 11 ಕಿಲೋ. ಅಂದರೆ 44 ಕೆಜಿ-ಸೆಂ.ಮೀ. ತಿರುಚುಬಲ ಬೇಕು. ನಮ್ಮ ಮೋಟಾರಿನ ಗರಿಷ್ಠ ತಿರುಚುಬಲವೇ 38! ಮೋಟಾರು ನರಳಿತು, ನಿಂತಿತು, ಸುಟ್ಟ ವಾಸನೆ ಮೂಗಿಗೆ ಬಡಿಯಿತು. ವೈರು ಕಿತ್ತೆವು. ಮಾರನೇ ದಿನವೇ ಲೇತ್ ಅಂಗಡಿಗೆ ಓಡಿ 2 ಸೆಂ.ಮೀ. ತ್ರಿಜ್ಯದ ಡ್ರಮ್ ಮಾಡಿಸಿದೆವು. ಬೇಕಾದ ತಿರುಚುಬಲ 22ಕ್ಕೆ ಇಳಿಯಿತು. ರೋಬೋ ಸರ್ರನೆ ಮೇಲೇರಿತು!

ಕುಣಿದಾಡಿದೆವು. ಆಟದ ನಿಯಮದಂತೆ ಕರೆಂಟ್ ತೆಗೆದೆವು. ಡ್ರಮ್ಮು ಗಿರ್ರನೆ ಹಿಂದಕ್ಕೆ ತಿರುಗಿತು. ಧಡ್! ಚೌಕಟ್ಟು ಸೊಟ್ಟಗಾಯಿತು, ಚಕ್ರ ಕಳಚಿ ಮೂಲೆ ಸೇರಿತು. ಯಾರೂ ಮಾತಾಡಲಿಲ್ಲ.

ತೀರ್ಥಹಳ್ಳಿಯಿಂದ ಬಂದಿದ್ದ ಅಜ್ಜ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಅಡಿಕೆ ಮರ ಹತ್ತೋನು ಎರಡು ಹಿಡಿತಾನೂ ಒಟ್ಟಿಗೆ ಬಿಡ್ತಾನೇನೋ ಮಗಾ? ಕೈ ಮೇಲೆ ಹೋಗೋವಾಗ ಕಾಲಿಗೆ ಸಿಕ್ಕಿಸಿದ ಹಗ್ಗದ ತಳೆ ಮರ ಕಚ್ಚಿರತ್ತೆ. ನಿಮ್ಮದಕ್ಕೆ ತಳೆ ಎಲ್ಲಿ?"

ಮಿಂಚು ಹೊಡೆದಂತಾಯಿತು. ಬಂಟ್ವಾಳದ ಗಣಪತಿ ಭಟ್ಟರು ಕಟ್ಟಿದ ಅಡಿಕೆ ಮರ ಹತ್ತುವ ಬೈಕ್ ನೆನಪಾಯಿತು. ಅದರಲ್ಲೂ ಎಂಜಿನ್ನಿನಷ್ಟೇ ಮುಖ್ಯವಾದದ್ದು ಬ್ರೇಕು!

ತಳೆ ಸಿಕ್ಕಿದ್ದು ಸೈಕಲ್ ಅಂಗಡಿಯಲ್ಲಿ. ಹಳೆಯ ಫ್ರೀವೀಲ್! ಒಂದು ದಿಕ್ಕಿಗೆ ಕಟಕಟ ಎಂದು ಸರಾಗವಾಗಿ ತಿರುಗುತ್ತದೆ. ಇನ್ನೊಂದು ದಿಕ್ಕಿಗೆ ತಿರುಗಿಸಿದರೆ ಒಳಗಿನ ಪುಟ್ಟ ಉಕ್ಕಿನ ನಾಲಗೆಗಳು ಹಲ್ಲಿಗೆ ಸಿಕ್ಕಿಕೊಂಡು ಅಲುಗಾಡಲು ಬಿಡುವುದಿಲ್ಲ. ಕಂಬಿಗೊಂದು ಜೋಡಿ ಕೊಕ್ಕೆ, ಜೋಡಿಗೊಂದು ಹಗ್ಗ ಸುತ್ತುವ ವಿಂಚು; ಎರಡೂ ವಿಂಚಿನ ಶಾಫ್ಟಿಗೆ ಒಂದೊಂದು ಫ್ರೀವೀಲ್ ಕೂರಿಸಿ, ಅದರ ಹೊರಹಲ್ಲನ್ನು ಚೌಕಟ್ಟಿಗೆ ಬಿಗಿದೆವು. ಆದರೆ ಹೊಸ ಸಂಕಟ: ಹಿಂದಕ್ಕೆ ತಿರುಗದ ಡ್ರಮ್ಮು ಹಗ್ಗವನ್ನು ಬಿಡುವುದು ಹೇಗೆ? ಹಗ್ಗವನ್ನು ಮೊದಲೇ ಸಡಿಲ ಬಿಟ್ಟು, ಕೊಕ್ಕೆಗಳನ್ನು ಮೇಲೆತ್ತುವ ಕೆಲಸವನ್ನು ಬೇರೆ ಹಗುರ ಸ್ಲೈಡಿಗೆ ವಹಿಸಿದೆವು. ಹಿಗ್ಗುವ ನೈಲಾನ್ ಬಿಟ್ಟು ಅಷ್ಟಾಗಿ ಹಿಗ್ಗದ ಡೈನೀಮಾ ದಾರ ಹಾಕಿದೆವು. ನಲವತ್ತು ಸಲ ಏರಿಸಿದೆವು, ನಲವತ್ತು ಸಲವೂ ಕರೆಂಟ್ ತೆಗೆದೆವು.

ಈಗ ಅಖಾಡದಲ್ಲಿ ಉಳಿದದ್ದು 18 ಸೆಕೆಂಡು. ಮೊದಲ ಜೋಡಿ ಕೊಕ್ಕೆ ಕೆಳಕಂಬಿ ಕಚ್ಚಿತು. ಕಟಕಟಕಟ... ಚಕ್ರಗಳು ನೆಲ ಬಿಟ್ಟವು! ಹನ್ನೆರಡು. ಎರಡನೇ ಜೋಡಿ ಮೇಲೆ ಚಾಚಿತು, ಕಂಬಿಗೆ ತಗುಲಿ ಜಾರಿತು! ಚಾಲಕಿಯ ಬೆರಳು ನಡುಗಿತು. ಎಂಟು. ಮತ್ತೆ ಚಾಚಿದಳು, ಸಿಕ್ಕಿತು! ವಿಂಚು ಎಳೆಯಿತು, ಕೆಳಗಿನ ಕೊಕ್ಕೆಗಳು ತಾವಾಗಿಯೇ ಕಳಚಿಕೊಂಡವು. ಮೂರು. ಎರಡು. ಪೂರ್ತಿ ದೇಹ ಕೆಳಕಂಬಿ ದಾಟಿತು. ಗಂಟೆ!

ಮೋಟಾರುಗಳು ಸ್ತಬ್ಧ. ರೋಬೋ ಒಮ್ಮೆ ತೂಗಾಡಿತು. ಬೆರಳ ತುದಿಯಷ್ಟೇ ಇದ್ದ ಉಕ್ಕಿನ ನಾಲಗೆಗಳು 11 ಕಿಲೋವನ್ನು ಹಿಡಿದು ನಿಂತವು. ತೀರ್ಪುಗಾರರು ಬಗ್ಗಿ ನೋಡಿ 30 ಅಂಕ ಬರೆದರು.

ಹತ್ತುವ ಯಂತ್ರ ಕಟ್ಟಲು ಹೊರಟಿರುವ ಗೆಳೆಯರೇ, ಮೊದಲ ದಿನವೇ ಕರೆಂಟ್ ತೆಗೆದು ನೋಡಿ. ಮೊದಲು ಹಿಡಿತ ಕಟ್ಟಿ, ಏರುವುದು ಆಮೇಲೆ.