ಉಮಿಯ ಲೆಕ್ಕ

ನನ್ನ ಪಿಎಚ್.ಡಿ. ಸಾರಾಂಶದ ಮೊದಲ ಸಾಲಿನಲ್ಲಿ ‘ಭತ್ತದ ಉಮಿಯೆಂಬ ಅಗ್ಗದ ಕೃಷಿತ್ಯಾಜ್ಯದಿಂದ’ ಎಂದಿತ್ತು. ಕಳೆದ ಮಳೆಗಾಲದಲ್ಲಿ ಕುಂದಾಪುರದ ಮನೆಗೆ ಹೋದವನು ಜಗಲಿಯಲ್ಲಿ ಕೂತು ಅದನ್ನು ಅಪ್ಪಯ್ಯನಿಗೆ ಕನ್ನಡದಲ್ಲಿ ಹೇಳಿದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಅವರ ಕೈ ನಿಂತಿತು.

“ತ್ಯಾಜ್ಯ ಅಂದ್ರೆ ಕಸ ಅಲ್ದಾ? ಉಮಿನ ಕಸ ಅಂದದ್ದ್ ಯಾರ್ ಮಾರಾಯ?”

ಬ್ರಹ್ಮಾವರದ ಕಡೆಯ ಅಕ್ಕಿ ಮಿಲ್ಲೊಂದರಲ್ಲಿ ಇಪ್ಪತ್ತೆರಡು ವರ್ಷ ಬಾಯ್ಲರಿಗೆ ಉಮಿ ಹಾಕಿದವರು ಅವರು. ಕುಚ್ಚಲಕ್ಕಿಗೆ ಭತ್ತ ಬೇಯಲು ಹಬೆ ಬೇಕು, ಹಬೆಗೆ ಬೆಂಕಿ ಬೇಕು, ಬೆಂಕಿಗೆ ಅದೇ ಭತ್ತದ ಉಮಿ. ನಾವು ಉಂಡ ಗಂಜಿಯೂ ನನ್ನ ಕಾಲೇಜಿನ ಫೀಸೂ ಆ ಬೆಂಕಿಯಿಂದಲೇ ಬಂದದ್ದು. “ಕಸ ಬೇಕಂದ್ರೆ ಬೂದಿ ತಕೊಂಡ್ ಹೋಗ್” ಎಂದರು. ಅದನ್ನೂ ಒಯ್ದು ನೋಡಿದ್ದೆ. ಬಾಯ್ಲರಿನ ಕಾವು ಹೆಚ್ಚಾಗಿ ಬೂದಿಯ ಸಿಲಿಕಾ ಹರಳುಗಟ್ಟಿತ್ತು, ನನ್ನ ಕೆಲಸಕ್ಕೆ ಒಗ್ಗಲಿಲ್ಲ. 600–700 ಡಿಗ್ರಿಯಲ್ಲಿ ಹದವಾಗಿ ಸುಟ್ಟ ಉಮಿಯೇ ಬೇಕು.

ಹದ ಅಂದರೆ ನೆನಪಾಗುವುದು ಬೈಂದೂರಿನ ಅಜ್ಜಿ. ಹಲ್ಲುಜ್ಜುವ ಉಮಿಕರಿಗೆ ಅವರು ಉಮಿಯನ್ನು ಬೇಯಿಸಿದ ಹಾಗೆ ಸುಡುತ್ತಿದ್ದರು; ಬೆಳ್ಳಗಾಗುವ ಮೊದಲೇ ನೀರು ಚಿಮುಕಿಸಿ ಆರಿಸುತ್ತಿದ್ದರು. ಕಪ್ಪು ಇಂಗಾಲದ್ದು, ಹಲ್ಲು ತಿಕ್ಕುವ ತರಿ ಸಿಲಿಕಾದ್ದು. ಎರಡೂ ಒಂದಕ್ಕೊಂದು ಅಂಟಿಕೊಂಡ ಆ ಪುಡಿಯಿಂದ ನಾನು ಏಳನೇ ಕ್ಲಾಸಿನವರೆಗೆ ಹಲ್ಲುಜ್ಜಿದ್ದೇನೆ. ಸಂಶೋಧನೆಗೆ ಬಂದ ಎರಡನೇ ವರ್ಷದವರೆಗೂ ಅದು ನನಗೆ ಹೊಳೆದಿರಲಿಲ್ಲ.

ನನ್ನ ಕೆಲಸ ಇಷ್ಟು. ಮೊಬೈಲಿನ ಲಿಥಿಯಂ-ಅಯಾನ್ ಬ್ಯಾಟರಿ ಚಾರ್ಜ್ ಆಗುವಾಗ ಲಿಥಿಯಂ ಹೋಗಿ ಕೂರುವ ಆನೋಡು ಸಾಮಾನ್ಯವಾಗಿ ಗ್ರಾಫೈಟಿನದು. ಒಂದು ಗ್ರಾಂ ಗ್ರಾಫೈಟು ಲೆಕ್ಕದ ಪ್ರಕಾರ 372 ಮಿಲಿಆಂಪಿಯರ್-ಗಂಟೆ ಹಿಡಿದರೆ ಸಿಲಿಕಾನು ಸುಮಾರು 3,600 ಹಿಡಿಯುತ್ತದೆ. ಆದರೆ ಹೊಟ್ಟೆ ತುಂಬಿದಾಗ ಅದರ ಗಾತ್ರ ಮೂರು ಪಟ್ಟು ಮೀರುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ ಕಣ ಬಿರಿಯುತ್ತದೆ. ಬಿರುಕಿನಲ್ಲಿ ಹೊಸ ಮೈ ತೆರೆದಾಗಲೆಲ್ಲ ಅದರ ಮೇಲೆ ಹೊಸ ಪೊರೆ ಕಟ್ಟಿಕೊಂಡು ಒಂದಿಷ್ಟು ಲಿಥಿಯಂ ಅದರಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೇ ಇಂಗಾಲದ ತೆಳು ಹೊದಿಕೆ. ಸಿಲಿಕಾನ್ ಪುಡಿಯನ್ನು ಸಕ್ಕರೆ ನೀರಿನಲ್ಲಿ ಕಲಸಿ, ಒಣಗಿಸಿ, ಆರ್ಗಾನ್ ಅನಿಲದಲ್ಲಿ 800 ಡಿಗ್ರಿಗೆ ಕಾಸುತ್ತೇನೆ. ಸಕ್ಕರೆ ಕರಿಯಾಗಿ ಕಣಕ್ಕೆ ಅಂಟುತ್ತದೆ.

ಎರಡು ವರ್ಷ ನನ್ನ ಒಂದು ಸೆಲ್ಲೂ ಐವತ್ತು ಸುತ್ತು ನೆಟ್ಟಗೆ ಓಡಲಿಲ್ಲ. ಹೊದಿಕೆಯೇ ಒಡೆಯುತ್ತಿತ್ತು. ಇದನ್ನು ಹೇಳಿದರೆ ಅಪ್ಪಯ್ಯ ನಕ್ಕರು.

“ಭತ್ತ ಬೆಂದ್ರೆ ಉಮಿ ಬಾಯಿ ಬಿಡತ್ತ್. ಉಬ್ಬುಕೆ ಜಾಗ ಇಲ್ದಿರೆ ಒಡಿದೆ ಎಂತ ಮಾಡತ್ತ್?”

ಕಣಕ್ಕೂ ಹೊದಿಕೆಗೂ ನಡುವೆ ಖಾಲಿ ಜಾಗ ಬಿಡುವ ಉಪಾಯವನ್ನು ಸ್ಟ್ಯಾನ್‌ಫರ್ಡಿನ ಯಿ ಕುಯಿ ಅವರ ಗುಂಪು 2012ರಲ್ಲೇ ಪ್ರಕಟಿಸಿದೆ, ಮರುವರ್ಷ ಉಮಿಯಿಂದಲೂ ಸಿಲಿಕಾನ್ ತೆಗೆದಿದೆ ಎಂದೆ. “ಅವ್ರೂ ಭತ್ತ ಬೇಯಿಸ್ತ್ರಾ?” ಎಂದು ಕೇಳಿ ಎಲೆ ಬಾಯಿಗಿಟ್ಟರು. ಈಗ ನಾನೂ ಜಾಗ ಬಿಡುತ್ತೇನೆ. ಸೆಲ್ಲುಗಳು ಸ್ವಲ್ಪ ಹೆಚ್ಚು ಬಾಳುತ್ತಿವೆ.

ಆಮೇಲೆ ಲೆಕ್ಕ ಶುರುವಾಯಿತು. ಒಂದು ಕಿಲೋ ಉಮಿಗೆ ಎಷ್ಟು ಸಿಲಿಕಾನ್? ಸುಟ್ಟರೆ ಇನ್ನೂರು ಗ್ರಾಂ ಆಸುಪಾಸು ಬೂದಿ, ಎಲ್ಲ ಸರಿಯಾದರೆ ಎಂಬತ್ತು ಗ್ರಾಂ ಸಿಲಿಕಾನ್. ಸಿಲಿಕಾದಿಂದ ಆಮ್ಲಜನಕವನ್ನು ಕಿತ್ತು ತೆಗೆಯಲು ಮೆಗ್ನೀಸಿಯಂ ಪುಡಿ ಬೇಕು. ಎಷ್ಟು? ಸುಮಾರು ನೂರ ನಲವತ್ತು ಗ್ರಾಂ. ಮತ್ತೆ ತೊಳೆಯಲು ಆಸಿಡ್ಡು.

“ಮೆಗ್ನೀಸಿಯಂ ಎಂತ, ಉಮಿಯಷ್ಟೇ ಸಸ್ತವಾ?”

ನಾನು ಉತ್ತರ ಕೊಡಲಿಲ್ಲ. ಸಿಗುವ ಸಿಲಿಕಾನಿಗಿಂತ ಸುರಿಯುವ ಲೋಹವೇ ಹೆಚ್ಚು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮೂರು ಸಮ್ಮೇಳನಗಳಲ್ಲಿ ‘ಅಗ್ಗ’ ಎಂದೇ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೆ. ಅಲ್ಲಿ ಯಾರೂ ಮೆಗ್ನೀಸಿಯಂ ಕ್ರಯ ಕೇಳಿರಲಿಲ್ಲ.

ಆ ರಾತ್ರಿ ಸಾರಾಂಶದಿಂದ ಎರಡು ಪದ ಹೊಡೆದುಹಾಕಿದೆ. ಗೈಡಿಗೆ ಏನು ಹೇಳಲಿ ಎಂದು ಬಹಳ ಹೊತ್ತು ನಿದ್ದೆ ಬರಲಿಲ್ಲ. ‘ಅಗ್ಗ’ ಹೋದರೆ ಪ್ರಬಂಧದ ಕೊನೆಯ ಅಧ್ಯಾಯವನ್ನೇ ತಿರುಗಿ ಬರೆಯಬೇಕು, ಫೆಲೋಶಿಪ್ಪು ಮುಗಿಯಲು ಏಳು ತಿಂಗಳಿದೆ.

ಮರುದಿನ ಬೆಂಗಳೂರಿನ ರೈಲಿಗೆ ಹೊರಡುವಾಗ ಅಮ್ಮ ಬಾಯಿ ಹೊಲಿದ ಒಂದು ಚೀಲ ಉಮಿ ತಂದಿಟ್ಟರು. ಅಪ್ಪಯ್ಯ ಬೆಳಿಗ್ಗೆಯೇ ಬಸ್ಸಿನಲ್ಲಿ ಬ್ರಹ್ಮಾವರಕ್ಕೆ ಹೋಗಿ ತಂದದ್ದಂತೆ, ದುಡ್ಡು ಕೊಟ್ಟು.