ಚಿಗರಿಗೆ ಎಷ್ಟು ದಪ್ಪದ ಗುಂಡು?

ಬಾಯಿಂದ ಮದ್ದು ತುಂಬುವ ಹಳೆಯ ಬಂದೂಕುಗಳ ಲೆಕ್ಕ ಹಾಕುವುದು ಒಂದು ಸೊಗಸಾದ ಚಟ. ಅದಕ್ಕೆ ಬೇಟೆ ಬೇಕಿಲ್ಲ, ಬಂದೂಕೂ ಬೇಕಿಲ್ಲ. ಹಾಳೆ, ಪೆನ್ಸಿಲು ಇದ್ದರೆ ಒಂದು ಸಂಜೆ ಸಲೀಸಾಗಿ ಕಳೆಯುತ್ತದೆ. ಜಿಂಕೆಯಂಥ ಪ್ರಾಣಿಗೆ ನಳಿಗೆಯ ಕ್ಯಾಲಿಬರ್, ಅಂದರೆ ಒಳವ್ಯಾಸ, ಎಷ್ಟಿರಬೇಕು ಎಂಬುದು ಈ ಚಟದವರ ತೀರದ ಜಗಳ. ವಿಜಯಪುರ ಜಿಲ್ಲೆಯಲ್ಲಿ ನಿಂತು ಈ ಜಗಳ ಆಡುವುದಕ್ಕೆ ಬೇರೆಯದೇ ರುಚಿ, ಏಕೆಂದರೆ ಮಲಿಕ್-ಎ-ಮೈದಾನ್ ತೋಪು ಇರುವುದು ಇಲ್ಲಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಈ ತೋಪಿನ ಬಾಯಿ ಸುಮಾರು 70 ಸೆಂ.ಮೀ., ತೂಕ 55 ಟನ್ ಎನ್ನುತ್ತಾರೆ. ಅದೂ ಬಾಯಿಂದ ತುಂಬುವ ಜಾತಿಯದೇ. ಅದನ್ನು ನೋಡಿ ಬಂದವರಿಗೆ ಬಾಯಿ ದೊಡ್ಡದಾದಷ್ಟೂ ಒಳ್ಳೆಯದು ಅನ್ನಿಸುವುದು ಸಹಜ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರಿ ಹೊಲಗಳ ಚಿಗರಿ, ಅಂದರೆ ಕೃಷ್ಣಮೃಗ, ಕೋಟೆಯ ಗೋಡೆಯಲ್ಲ. ಬಲಿತ ಗಂಡು ತೂಗುವುದೇ 30ರಿಂದ 45 ಕಿಲೊ. ಈ ಸೀಮೆಯ ಬೇಟೆಗೆ 11ರಿಂದ 12.5 ಮಿ.ಮೀ. ನಳಿಗೆ ಧಾರಾಳವಾಗಿ ಸಾಕಿತ್ತು, ಮಿಕ್ಕದ್ದೆಲ್ಲ ಕಾಲಿನ ಕೆಲಸ ಎಂಬುದು ನನ್ನ ವಾದ.

ಸೀಸದಿಂದಲೇ ಶುರುಮಾಡೋಣ. 11 ಮಿ.ಮೀ. ದಪ್ಪದ ದುಂಡು ಗುಂಡು ಸುಮಾರು 8 ಗ್ರಾಂ ತೂಗುತ್ತದೆ, 12.5ರದು ಹನ್ನೊಂದೂವರೆ, 18ರದು ಮೂವತ್ತನಾಲ್ಕೂವರೆ. ಒಂದು ಕಿಲೊ ಸೀಸ ಕರಗಿಸಿದರೆ ಸಣ್ಣವು ನೂರಿಪ್ಪತ್ತೈದರಷ್ಟು ಬರುತ್ತವೆ, ದಪ್ಪವು ಮೂವತ್ತೂ ತುಂಬುವುದಿಲ್ಲ. ಮದ್ದು, ಸೀಸ ಎರಡನ್ನೂ ಸಂತೆಯಲ್ಲಿ ಕೊಳ್ಳಬೇಕಾದವನಿಗೆ ಇದು ಸಣ್ಣ ಮಾತಲ್ಲ. ಹಾಗಾದರೆ ಸಣ್ಣ ಗುಂಡಿಗೆ ಕೊಲ್ಲುವ ಕಸುವುಂಟೇ? ಬಾಯಿಂದ ತುಂಬುವ ಬಂದೂಕಿಗೆ ಪ್ರತ್ಯೇಕ ಬೇಟೆ ಹಂಗಾಮು ಇರುವ ಅಮೆರಿಕದ ಹಲವು ರಾಜ್ಯಗಳು ಜಿಂಕೆಗೆ ಕೇಳುವ ಕನಿಷ್ಠ ಅಳತೆ 0.40 ಅಥವಾ 0.45 ಇಂಚು, ಅಂದರೆ 10ರಿಂದ 11.5 ಮಿ.ಮೀ. ಅಲ್ಲಿನ ಬಿಳಿಬಾಲದ ಗಂಡು ಜಿಂಕೆ ನಮ್ಮ ಚಿಗರಿಯ ಎರಡು ಪಟ್ಟು ತೂಗುವುದು ಸಾಮಾನ್ಯ. ಮೆತ್ತಗಿನ ಸೀಸ ಬಡಿದ ಕೂಡಲೇ ಚಪ್ಪಟೆಯಾಗಿ ಗಾಯವನ್ನು ತಾನೇ ಅಗಲ ಮಾಡುತ್ತದೆ.

ದಪ್ಪ ಗುಂಡಿನ ಪರವಾಗಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕಲಾಗದು. ವ್ಯಾಸ ಎರಡು ಪಟ್ಟಾದರೆ ಗಾಳಿಗೆ ಒಡ್ಡುವ ಮೈ ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ಹೀಗಾಗಿ ದಪ್ಪ ಗುಂಡು ವೇಗವನ್ನು ಹೆಚ್ಚು ಹೊತ್ತು ಕಾಯ್ದುಕೊಳ್ಳುತ್ತದೆ, ಅಡ್ಡಗಾಳಿಗೂ ಕಡಿಮೆ ಸರಿಯುತ್ತದೆ. ಮರವಿಲ್ಲದ ಈ ಬಯಲಲ್ಲಿ ಗಾಳಿಗೇನು ಬರವೇ? ಸರಿ. ಆದರೆ ದಪ್ಪ ಗುಂಡನ್ನು ಅದೇ ವೇಗಕ್ಕೆ ಎಬ್ಬಿಸಲು ಮದ್ದು ಬಹಳ ಬೇಕು, ಭುಜಕ್ಕೆ ಒದೆತ ಹೆಚ್ಚು. ಮದ್ದು ಉಳಿಸಿದರೆ ಗುಂಡು ಹತ್ತಿರದಲ್ಲೇ ನೆಲಕ್ಕಿಳಿಯುತ್ತದೆ. ದುಂಡು ಗುಂಡಿನ ಹಣೆಬರಹವೇ ಅಷ್ಟು: 12.5 ಮಿ.ಮೀ.ನದು ಕೂಡ ನೂರು ಮೀಟರ್ ಮುಟ್ಟುವಷ್ಟರಲ್ಲಿ ಹೊರಟ ವೇಗದ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಂಡಿರುತ್ತದೆ. ಒಳಗೆ ಸುರುಳಿ ಗೆರೆಯಿಲ್ಲದ ಹಳೆಯ ನಳಿಗೆಗಳಲ್ಲಂತೂ ಐವತ್ತು ಅರವತ್ತು ಮೀಟರ್ ದಾಟಿದರೆ ಗುರಿಯ ಮೇಲೆ ಭರವಸೆಯಿಲ್ಲ. ಸಡಿಲ ಗುಂಡು ದಪ್ಪವಿದ್ದ ಮಾತ್ರಕ್ಕೆ ನೆಟ್ಟಗೆ ಹೋಗುವುದಿಲ್ಲ. ಗುಂಡಿನ ಬದಲು ಚರೆ ತುಂಬಬಹುದಲ್ಲ ಎನ್ನುವವರಿದ್ದಾರೆ. ಚರೆ ಹಕ್ಕಿಗೆ ಸರಿ. ಚಿಗರಿಯನ್ನು ಗಾಯಮಾಡಿ ಓಡಿಸುವುದು ಬೇಟೆಗಾರಿಕೆಯಲ್ಲ, ಹೊಲಸು ಕೆಲಸ.

ಅಂದಮೇಲೆ ಉಳಿದದ್ದು ದೂರ. ಗಂಟೆಗೆ 80 ಕಿ.ಮೀ. ಓಡಬಲ್ಲ, ಹರದಾರಿ ಆಚೆಗೂ ಕಣ್ಣಿಟ್ಟಿರುವ ಪ್ರಾಣಿಯ ಐವತ್ತು ಮೀಟರ್ ಹತ್ತಿರ ಹೋಗುವುದು ಹೇಗೆ? ದಖ್ಖನದ ಬೇಟೆಗಾರರು ಕಂಡುಕೊಂಡ ಉತ್ತರ ನಳಿಗೆಯದಲ್ಲ, ದನದ್ದು. ಪಳಗಿಸಿದ ಎತ್ತನ್ನೋ ಆಕಳನ್ನೋ ಮೇಯಿಸುತ್ತ, ಅದರ ಮರೆಯಲ್ಲಿ ಇಂಚಿಂಚೇ ಸರಿಯುತ್ತಿದ್ದರು. ಬ್ರಿಟಿಷ್ ಅಧಿಕಾರಿಗಳು ಎತ್ತಿನ ಗಾಡಿಯ ಮಗ್ಗುಲಲ್ಲಿ ನಡೆದರು. ಗಾಡಿ ಕಂಡರೆ ಚಿಗರಿ ಬೆದರುತ್ತಿರಲಿಲ್ಲ. ಡೋಣಿ ನದಿಯ ಸೀಮೆಯಲ್ಲಿ ಹಿಂಗಾರಿ ಜೋಳ ಆಳೆತ್ತರ ನಿಂತಾಗ ಸಿಗುವ ಮರೆ ಕೊಯ್ಲಾದ ಮೇಲೆ ಇಲ್ಲ. ಪಕ್ಕದ ಸುರಪುರದ ಬೇಡರು ಬಂದೂಕಿನ ಗುರಿಗೆ ಹೆಸರಾದವರು, 1705ರಲ್ಲಿ ವಾಗಣಗೇರಿಯಲ್ಲಿ ಔರಂಗಜೇಬನ ಸೈನ್ಯವನ್ನೇ ಕಾಡಿದವರು. ಅವರ ಹೆಸರು ಉಳಿದಿರುವುದು ಕೈಗೆ, ಕ್ಯಾಲಿಬರಿಗಲ್ಲ.

ಬೇಟೆಯೇ ಅಪರಾಧವಾಗಿರುವಾಗ ಈ ಲೆಕ್ಕವೇಕೆ ಎಂದು ಕೇಳಬಹುದು. ಚಿಗರಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಕೊಂದರೆ ಕನಿಷ್ಠ ಮೂರು ವರ್ಷ ಜೈಲು. ತೊಗರಿ, ಕಡಲೆ ತಿಂದುಹೋಯಿತೆಂಬ ರೈತನ ಸಿಟ್ಟು ನ್ಯಾಯವಾದದ್ದೇ, ಅದಕ್ಕೆ ದಾರಿ ಪರಿಹಾರದ ಅರ್ಜಿ, ಬಂದೂಕಲ್ಲ. ಆದರೆ ಪಾಣಿಪತ್ತಿನ ವ್ಯೂಹ ಚರ್ಚಿಸುವವರು ಯುದ್ಧಕ್ಕೆ ಹೊರಟವರಲ್ಲವಲ್ಲ! ಇಂಡಿಯ ದಾರಿಯಲ್ಲಿ ಹಿಂಡು ಕಂಡರೆ ಗಾಡಿ ನಿಲ್ಲಿಸಿ, ಎಷ್ಟು ಮೀಟರ್ ದೂರವಿದೆಯೆಂದು ಕಣ್ಣಳತೆಯಲ್ಲೇ ಹೇಳಿನೋಡಿ. ಬೇಟೆ ವಿದ್ಯೆಯ ಈ ಅರ್ಧಕ್ಕೆ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ, ಕಷ್ಟದ ಅರ್ಧವೂ ಇದೇ.